ಗುಂಡಿ ಬರೆದ ನಾಲ್ಕು ಪುಟ

ಡಾಕ್ಟರರ ಬಿಳಿ ಕೋಟಿಗೆ ಒಂದು ದಿನದ ಬಾಡಿಗೆ ನೂರೈವತ್ತು, ಕಿವಿಗೆ ಸಿಕ್ಕಿಸುವ ಸ್ಟೆತಸ್ಕೋಪಿಗೆ ಎಂಬತ್ತು. ಪೈಲಟ್ ಆಗಬೇಕಾದರೆ ಟೋಪಿ ಸೇರಿ ಮುನ್ನೂರು. ಟೋಪಿ ಸೊಟ್ಟಗಾದರೆ ಕೊಟ್ಟ ಮುಂಗಡವೂ ಹೋಯಿತು. ಪೊಲೀಸ್ ಡ್ರೆಸ್ಸಿಗೆ ಇನ್ನೂರ ಇಪ್ಪತ್ತು, ಆದರೆ ಒಂಬತ್ತು ವರ್ಷದ ಹುಡುಗಿಯ ಅಳತೆಯದು ಸಿಗುವುದಿಲ್ಲ, ಕಾಲು ಮಡಚಿ ಪಿನ್ನು ಚುಚ್ಚಬೇಕು. ಇದಲ್ಲದೆ ಬಣ್ಣದ ಚಾರ್ಟು ಎರಡಕ್ಕೆ ನಲವತ್ತು, ಫೋಟೊಗಳಿಗೆ ಅರವತ್ತು, ಗಟ್ಟಿ ರಟ್ಟಿನ ನೋಟ್‌ಬುಕ್ಕಿಗೆ ಐವತ್ತೈದು.

ಶಾಲೆಯಿಂದ ಬಂದ ಚೀಟಿಯ ಹಿಂಬದಿಯಲ್ಲಿ ಇಷ್ಟನ್ನೂ ಬರೆದು, ಕೆಳಗೊಂದು ಗೆರೆ ಎಳೆದು, ಕೂಡಿಸದೆಯೇ ಪೆನ್ನು ಕೆಳಗಿಟ್ಟವನು ಹುಡುಗಿಯ ಅಪ್ಪ. ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿಯುವ ಕೆಲಸ. ಎಷ್ಟು ಸೋಪು ಹಚ್ಚಿ ತೊಳೆದರೂ ಅವನ ಕೈ ಊಟದ ತಟ್ಟೆಯ ಹತ್ತಿರ ಬಂದಾಗ ಎಣ್ಣೆ ವಾಸನೆ ಬರುತ್ತಿತ್ತು.

ಚೀಟಿಯ ಮುಂಬದಿಯಲ್ಲಿ "ದೊಡ್ಡವರಾದ ಮೇಲೆ ನಾವು" ಎಂದಿತ್ತು. ನಾಲ್ಕನೇ ತರಗತಿಯ ಮಕ್ಕಳು ನಾಲ್ಕು ಶನಿವಾರ ಮನೆಯ ಹಿರಿಯರೊಬ್ಬರ ಕೆಲಸದ ಜಾಗಕ್ಕೆ ಹೋಗಿ ಎರಡೆರಡು ಗಂಟೆ ಕೂತು ನೋಡಬೇಕು, ವಾರಕ್ಕೊಂದು ಪುಟ ಬರೆಯಬೇಕು. ಯಾರ ಮನೆಯಲ್ಲಿ ಅನುಕೂಲವಿಲ್ಲವೋ ಅವರು ಇಷ್ಟವಾದ ವೇಷ ಬಾಡಿಗೆಗೆ ತಂದು, ಆ ಕೆಲಸದ ಬಗ್ಗೆ ಚಾರ್ಟು ಮಾಡಬೇಕು. ಐದನೇ ಶನಿವಾರ ಎಲ್ಲರ ಮುಂದೆ ಕೆಲಸ ಮಾಡಿ ತೋರಿಸಬೇಕು.

"ಬಂಕಿಗೆ ಮಕ್ಕಳನ್ನ ಬಿಡಲ್ಲ," ಎಂದ ಅಪ್ಪ. "ಡಾಕ್ಟರ್ ಮಾಡೋಣ. ಖರ್ಚಾದ್ರೆ ಆಗ್ಲಿ."

"ಖರ್ಚಾದ್ರೆ ಆಗ್ಲಿ ಅನ್ನೋರು ಆಲೂಗಡ್ಡೆ ಜೊತೆ ಮೊಟ್ಟೆ ಯಾಕಿಲ್ಲ ಅಂತ ಕೇಳ್ಬಾರ್ದು," ಎಂದಳು ಅವನ ಹೆಂಡತಿ, ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ.

ಗೋಡೆಗೆ ಒರಗಿ ಕೂತಿದ್ದ ಮುದುಕ ನಕ್ಕ. "ಲೋ, ಕತ್ತರಿ ಮನೇಲಿದೆ. ಟೇಪು ಮನೇಲಿದೆ. ಸೀಮೆಸುಣ್ಣ ನನ್ನ ಜೇಬಲ್ಲೇ ಇದೆ. ಬಾಡಿಗೆ ಸೊನ್ನೆ. ನನ್ನ ಮೊಮ್ಮಗಳು ಕಟಿಂಗ್ ಮಾಸ್ಟರ್ ಆಗ್ತಾಳೆ, ಬರ್ಕೋ."

"ಎಲ್ಲಾ ಬಿಟ್ಟು ದರ್ಜಿನಾ?"

"ದರ್ಜಿ ಬೇರೆ, ಮಾಸ್ಟರ್ ಬೇರೆ ಕಣೋ. ದರ್ಜಿ ತಪ್ಪು ಮಾಡಿದ್ರೆ ಬಿಚ್ಚಿ ಹೊಲೀಬಹುದು. ಮಾಸ್ಟರ್ ಕತ್ತರಿಸಿದ್ದನ್ನ ನಿನ್ನ ಡಾಕ್ಟರ್ ಬಂದ್ರೂ ಅಂಟಿಸಕ್ಕಾಗಲ್ಲ."

ಹುಡುಗಿ ಚಪ್ಪಾಳೆ ತಟ್ಟಿದಳು. ಹುಟ್ಟಿದಾಗ ಅಂಗಿ ಗುಂಡಿಯಷ್ಟೇ ಇದ್ದಾಳೆ ಅಂತ ತಾತ ಅಂದದ್ದೇ ಹೆಸರಾಗಿ ನಿಂತು, ಈಗಲೂ ಎಲ್ಲರೂ ಅವಳನ್ನು ಗುಂಡಿ ಅಂತಲೇ ಕರೆಯುತ್ತಿದ್ದರು. ಮುದುಕನನ್ನು ಬೀದಿಯವರೆಲ್ಲ ಮಾಸ್ಟರ್ ಅನ್ನುತ್ತಿದ್ದರು. ಮೂವತ್ತೊಂದು ವರ್ಷದಿಂದ ಒಂದೇ ಅಂಗಡಿಯಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಕತ್ತರಿಸಿದ ಕೈ ಅದು. ಸೊಸೆಗೆ ಅದೇ ಅಂಗಡಿಯ ನೆಲಮಾಳಿಗೆಯಲ್ಲಿ ಹೊಲಿಗೆ ಕೆಲಸ. ಮಾವನ ಮೇಜಿನ ಪಕ್ಕದ ಮೊದಲ ಮಿಷನ್ ಅವಳದ್ದು.

ಆ ಮಿಷನ್ನನ್ನು ಅವಳು ಕೇಳಿ ಹಾಕಿಸಿಕೊಂಡಿದ್ದಳು. ಅದಕ್ಕೆ ಕಾರಣವಿತ್ತು. ಮಾಸ್ಟರನ ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ನಿಗೆ ಬಗ್ಗುವಂಥದ್ದಲ್ಲ ಅಂತ ಆಸ್ಪತ್ರೆಯವರು ಹೇಳಿ ಒಂದೂವರೆ ವರ್ಷವಾಗಿತ್ತು. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಬೆಳಕು, ಅದೂ ಮಂಜು ಮಂಜು. ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದಿತ್ತು. ಶಾಲೆ ಶುರುವಾಗುವ ಹಂಗಾಮು ಮುಗಿಯಲು ಇನ್ನು ಆರು ವಾರವಿತ್ತು. ಹಂಗಾಮನ್ನು ಪೂರ್ತಿ ಮುಗಿಸಿಕೊಟ್ಟ ಮಾಸ್ಟರಿಗೆ ಯಜಮಾನರು ಮೂರು ತಿಂಗಳ ಸಂಬಳವನ್ನು ಒಟ್ಟಿಗೆ ಕೊಡುವುದು ಅಂಗಡಿಯ ಪದ್ಧತಿ.

ಆ ಹಣಕ್ಕೆ ಮನೆಯವರೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಅವರಿದ್ದದ್ದು ಮೂರನೇ ಮಹಡಿ. ಕಕ್ಕಸು ಕೆಳಗಿನ ಅಂಗಳದಲ್ಲಿ. ನಡುವೆ ನಲವತ್ತಾರು ಮೆಟ್ಟಿಲು, ಅದರಲ್ಲಿ ಎರಡು ಮುರಿದವು. ಮಾಸ್ಟರ್ ಎರಡು ಸಲ ಬಿದ್ದಿದ್ದ. ಅದೇ ಕಟ್ಟಡದ ಕೆಳಮನೆ ಖಾಲಿಯಾಗಲಿತ್ತು. ಅದಕ್ಕೆ ಒಳಗೇ ಕಕ್ಕಸು, ಒಂದು ಕಿಟಕಿ. ಮುಂಗಡ ಕೊಟ್ಟವರಿಗೆ ಮನೆ.

ಅವತ್ತು ಊಟವಾದ ಮೇಲೆ ಅಪ್ಪ ಗುಂಡಿಯನ್ನು ಮುಂದೆ ಕೂರಿಸಿಕೊಂಡ.

"ನೋಡು, ತಾತನ ಜೊತೆ ಹೋಗು. ಬೇಕಾದ್ದು ಬರಿ. ಆದ್ರೆ ತಾತನ ಕಣ್ಣಿನ ವಿಷ್ಯ ಬಾಯಿ ಬಿಡ್ಬಾರ್ದು. ಬರೀಲೂಬಾರ್ದು."

"ಸ್ನೇಹಿತರಿಗೂ?"

"ಗೋಡೆಗೂ ಹೇಳ್ಬಾರ್ದು."

"ಆಯ್ತು," ಎಂದಳು ಗುಂಡಿ. ಆಮೇಲೆ ಸ್ವಲ್ಪ ಯೋಚಿಸಿ, "ಬೇರೆ ಎಲ್ಲಾ ಬರೀಬಹುದಲ್ವಾ? ಮೇಡಂ ಎಲ್ಲಾ ಬರೀಬೇಕು ಅಂದಿದ್ದಾರೆ," ಎಂದಳು.

"ಬೇರೆ ಎಲ್ಲಾ ಬರಿ," ಎಂದ ಮಾಸ್ಟರ್. "ನನ್ನ ಮೂಗು ಎಷ್ಟು ದೊಡ್ಡದಿದೆ ಅಂತಲೂ ಬರಿ."

*

ನೆಲಮಾಳಿಗೆಗೆ ಹಗಲಿಲ್ಲ. ಎಂಟು ಟ್ಯೂಬ್‌ಲೈಟಿನಲ್ಲಿ ಎರಡು ಸದಾ ಮಿಣುಕುತ್ತಿದ್ದವು. ಹನ್ನೊಂದು ಮಿಷನ್‌ಗಳ ಸದ್ದಿನ ನಡುವೆ ಮಾತಾಡಬೇಕಾದರೆ ಕೂಗಬೇಕು. ಕತ್ತರಿಸುವ ಮೇಜು ಗೋಡೆಗೆ ಮುಖ ಮಾಡಿತ್ತು. ಅದಕ್ಕೂ ಮಿಷನ್‌ಗಳಿಗೂ ನಡುವೆ ಬಟ್ಟೆಯ ಸುರುಳಿಗಳು ಎದೆಯೆತ್ತರ. ಯಜಮಾನರು ಕೂರುವುದು ಮೇಲಿನ ಅಂಗಡಿಯಲ್ಲಿ. ಅವರಪ್ಪನ ಕಾಲದಿಂದ ಇದ್ದವರು ಅವರನ್ನು ಸಣ್ಣ ಯಜಮಾನರು ಅನ್ನುತ್ತಿದ್ದರು, ಅವರ ತಲೆ ಬೆಳ್ಳಗಾದ ಮೇಲೂ.

ಮೊದಲ ಶನಿವಾರ ಗುಂಡಿ ಮೇಜಿನ ಪಕ್ಕ ಸುರುಳಿಯ ಮೇಲೆ ಕೂತು ನೋಡಿದಳು. ತಾತ ಮನೆಯಲ್ಲಿ ಚಹಾದ ಲೋಟ ಹುಡುಕಲು ತಡಕಾಡುತ್ತಿದ್ದ. ಇಲ್ಲಿ ತಡಕಾಟವೇ ಇಲ್ಲ. ಬಟ್ಟೆಯ ಅಂಚು ಹಿಡಿದು ಒಮ್ಮೆ ಬೀಸಿದರೆ ಮೇಜಿನ ತುದಿಗೆ ಸರಿಯಾಗಿ ಹೋಗಿ ಬೀಳುತ್ತಿತ್ತು. ಇಪ್ಪತ್ತು ಪದರ ಹಾಸಿ, ಮೇಲೆ ರಟ್ಟಿನ ಅಚ್ಚು ಇಟ್ಟು, ಹೆಬ್ಬೆರಳನ್ನು ಅಂಚಿನ ಉದ್ದಕ್ಕೂ ಓಡಿಸಿ, ಕತ್ತರಿ ಹಾಕುತ್ತಿದ್ದ. ಅಳೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ತೆರೆದಿದ್ದರೆ ಆ ಮಂಜು ಸುಮ್ಮನೆ ಗೊಂದಲ ಮಾಡುತ್ತದೆ ಅಂತ ಸೊಸೆಗೆ ಒಮ್ಮೆ ಹೇಳಿದ್ದ. ಗುಂಡಿಗೆ ಯಾರೂ ಹೇಳಿರಲಿಲ್ಲ.

"ತಾತ, ಈ ಟೇಪಲ್ಲಿ ಯಾಕೆ ದಾರದ ಗಂಟು?"

"ನಿಮ್ಮಮ್ಮ ಹಾಕಿದ್ದು. ಇಂಚಿಗೊಂದು. ಹತ್ತಕ್ಕೆ ಎರಡು. ಹಿಡಿ, ಬೆರಳಲ್ಲಿ ಎಣಿಸು. ಎಷ್ಟು?"

"ಹದಿನಾಲ್ಕು."

"ಭೇಷ್. ನಿಮ್ಮಪ್ಪನಿಗೆ ಹತ್ತು ವರ್ಷ ಕಲಿಸಿದ್ರೂ ಹದಿನಾಲ್ಕು ಬರ್ಲಿಲ್ಲ."

"ಮಾವ, ಮೆಲ್ಲಗೆ," ಎಂದಳು ಸೊಸೆ ಮಿಷನ್ನಿನ ಹಿಂದಿನಿಂದ.

ಮನೆಗೆ ಬಂದು ಗುಂಡಿ ಮೊದಲ ಪುಟ ಬರೆದಳು. *ನನ್ನ ತಾತ ಕಟಿಂಗ್ ಮಾಸ್ಟರ್. ಮಾಸ್ಟರ್‌ಗಳ ಟೇಪಿನಲ್ಲಿ ಗಂಟುಗಳು ಇರುತ್ತವೆ. ಅವರು ಬೆರಳಿನಿಂದ ಓದುತ್ತಾರೆ. ಮೇಜಿನ ಅಂಚಿಗೆ ಬ್ಲೇಡಿನ ಗೀರು ಇದೆ. ಒಂದು ಗೀರು ಎಂದರೆ ಚಿಕ್ಕ ಮಕ್ಕಳ ಪ್ಯಾಂಟು. ಮೂರು ಗೀರು ಎಂದರೆ ಏಳನೇ ತರಗತಿಯವರದು.* ಮೂಗಿನ ಬಗ್ಗೆಯೂ ಒಂದು ಸಾಲು ಇತ್ತು.

ಅಮ್ಮ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಅವಳು ಹುಡುಕುತ್ತಿದ್ದದ್ದು ಒಂದೇ ಪದವನ್ನು: ಕಣ್ಣು. ಅದು ಎಲ್ಲೂ ಇರಲಿಲ್ಲ. ಒಂದು ಒತ್ತಕ್ಷರ ತಿದ್ದಿ, ನೋಟ್‌ಬುಕ್ಕು ಮುಚ್ಚಿ ಗಂಡನಿಗೆ ಕೊಟ್ಟಳು. ಅವನೂ ಅದೇ ಪದ ಹುಡುಕಿದ.

"ಚೆನ್ನಾಗಿದೆ," ಎಂದ.

*

ಎರಡನೇ ವಾರ, ಮಂಗಳವಾರ, ಗುಂಡಿಗೆ ಜ್ವರ ಬಂತು. ಸೊಸೆ ರಜೆ ಹಾಕಿದಳು. ಹಾಗೆ ಹಾಕುವಾಗ ಮಾವನ ಮುಖ ನೋಡಿದಳು.

"ಒಂದು ದಿನ ತಾನೇ," ಎಂದ ಅವನು. "ಯಾವ ಬಟ್ಟೆ ಅಂತ ಮುಟ್ಟಿದ್ರೆ ಗೊತ್ತಾಗುತ್ತೆ."

ದಪ್ಪ ಬಟ್ಟೆಯೋ ತೆಳುವೋ ಮುಟ್ಟಿದರೆ ಗೊತ್ತಾಗುತ್ತಿತ್ತು. ಬಣ್ಣ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಅವರಿಬ್ಬರ ನಡುವೆ ಒಂದು ಏರ್ಪಾಡಿತ್ತು: ಮಾವ ಸುರುಳಿಯ ಮೇಲೆ ಕೈ ಇಟ್ಟು ನಿಂತರೆ, ಕಡು ನೀಲಿಗೆ ಸೊಸೆ ಒಂದು ಸಲ ಕೆಮ್ಮುತ್ತಿದ್ದಳು, ಕಪ್ಪಿಗೆ ಎರಡು ಸಲ. ಅವತ್ತು ಕೆಮ್ಮುವವರಿರಲಿಲ್ಲ.

ಅರವತ್ತು ಪ್ಯಾಂಟುಗಳ ಮುಂಭಾಗ ನೀಲಿಯಲ್ಲಿ, ಹಿಂಭಾಗ ಕಪ್ಪಿನಲ್ಲಿ ಕತ್ತರಿಸಿ ಹೋದವು. ಟ್ಯೂಬ್‌ಲೈಟಿನಲ್ಲಿ ಕಡು ನೀಲಿ ಯಾವುದು ಕಪ್ಪು ಯಾವುದು ಅಂತ ಹೊಲಿಯುವವರಿಗೂ ತಕ್ಷಣ ತಿಳಿಯದು. ಶುಕ್ರವಾರ ಮೇಲಿನ ಅಂಗಡಿಯ ಬಾಗಿಲ ಬಿಸಿಲಿಗೆ ಹಿಡಿದಾಗ ಸಣ್ಣ ಯಜಮಾನರಿಗೆ ಕಂಡಿತು. ಕೆಳಗೆ ಬಂದರು. ಮಂಗಳವಾರ ಎರಡೂ ಬಣ್ಣದ ಆರ್ಡರ್ ಇದ್ದವು. ಕತ್ತರಿಸಿದ್ದಕ್ಕೆ ಅಂಚು ಬಿಚ್ಚದಂತೆ ಓವರ್‌ಲಾಕ್ ಹೊಲಿಗೆ ಹಾಕಿ, ಮುಂಭಾಗ ಹಿಂಭಾಗ ಜೋಡಿಸಿ ಕಟ್ಟು ಕಟ್ಟುವುದು ಒಬ್ಬಳೇ ಹೆಂಗಸು. ಎಲ್ಲರೂ ಅವಳನ್ನು ಓವರ್‌ಲಾಕ್ ಅಕ್ಕ ಅನ್ನುತ್ತಿದ್ದರು.

"ನಂಗೆ ಬಂದದ್ದೇ ಹಾಗೆ ಯಜಮಾನ್ರೇ," ಎಂದಳು ಅವಳು. "ನಾನು ಬೆರೆಸಿಲ್ಲ."

"ಮಾಸ್ಟ್ರೇ, ನೀವು ಹೇಗೆ ಕೊಟ್ರಿ?"

ಮಿಷನ್‌ಗಳೆಲ್ಲ ನಿಂತಿದ್ದವು. ಮಾಸ್ಟರ್ ಕತ್ತರಿಯನ್ನು ಬಟ್ಟೆಯ ಚೂರಿನಿಂದ ಒರೆಸಿದ. ಮತ್ತೆ ಒರೆಸಿದ.

"ಬೇರೆ ಬೇರೆಯಾಗೇ ಕೊಟ್ಟೆ," ಎಂದ.

ಮೂವತ್ತೊಂದು ವರ್ಷದ ಮಾತಿಗೆ ಎದುರು ಮಾತಿರಲಿಲ್ಲ. ಓವರ್‌ಲಾಕ್ ಅಕ್ಕ ತನ್ನ ಊಟದ ಡಬ್ಬಿ, ಸ್ಟೂಲಿನ ಮೇಲಿನ ದಿಂಬು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಹೋಗುವಾಗ ಮಾಸ್ಟರ್ ಕಡೆ ತಿರುಗಿ, "ನಿಮ್ಮ ಮಾತು ಕೇಳಿ ನಂಗೇ ಅನುಮಾನ ಬಂತು ನೋಡಿ, ನಾನೇ ಬೆರೆಸಿದ್ನೇನೋ ಅಂತ," ಎಂದಳು.

ಸಂಜೆ ಮನೆಗೆ ನಡೆಯುವಾಗ ಸೊಸೆ ಎಂದಿನಂತೆ ಮಾವನ ಮೊಣಕೈ ಹಿಡಿದಿದ್ದಳು. ನೋಡುವವರಿಗೆ ಮಾವನೇ ಸೊಸೆಯನ್ನು ಕರೆದುಕೊಂಡು ಹೋಗುವಂತೆ ಕಾಣಬೇಕು, ಹಾಗೆ.

"ಆ ಅಕ್ಕನಿಗೆ ಎರಡು ಮಕ್ಕಳು ಮಾವ."

"ನಮ್ಮನೇಲೂ ಒಂದಿದೆ."

"ಅವಳ ಗಂಡ ಕೆಲ್ಸಕ್ಕೆ ಹೋಗಲ್ಲ."

"ನಂಗೆ ಗೊತ್ತಿಲ್ವಾ? ಅವಳ ಮದುವೆ ಬಟ್ಟೆ ಕತ್ತರಿಸಿದ್ದೇ ನಾನು." ಅವಳ ಕಡೆ ಮುಖ ತಿರುಗಿಸಿದ. "ನೀನು ಯಾಕೆ ಬಾಯಿ ಬಿಡ್ಲಿಲ್ಲ?"

ರಸ್ತೆಯ ಹಳ್ಳ ಬಂದಾಗ ಸೊಸೆ ಮೊಣಕೈ ಒತ್ತಿದಳು, ಅವನು ದಾಟಿದ.

ರಾತ್ರಿ ಊಟಕ್ಕೆ ಮೊಟ್ಟೆ ಇತ್ತು. ಮಾಸ್ಟರ್ ಮುಟ್ಟಲಿಲ್ಲ. ಮಗ ವಿಷಯ ಕೇಳಿ ಚಮಚ ಕೆಳಗಿಟ್ಟ.

"ನಾಳೆ ಹೋಗಿ ಹೇಳ್ಬಿಡು ಅಪ್ಪ. ಇದು ಇಲ್ಲಿಗೆ ನಿಲ್ಲಲ್ಲ."

"ಇನ್ನು ನಾಲ್ಕು ವಾರ."

"ನಾಲ್ಕು ವಾರದಲ್ಲಿ ಇನ್ನೆಷ್ಟು ಜನರನ್ನ ಮನೆಗೆ ಕಳಿಸ್ತೀಯ?"

"ನೀನು ಮುಂಗಡ ಕೊಡ್ತೀಯೇನೋ? ಕೊಡು, ನಾಳೆನೇ ಹೇಳ್ತೀನಿ. ನಿನ್ನ ಬಂಕಲ್ಲಿ ದಿನಾ ಕ್ಯಾಷ್ ಕಡಿಮೆ ಬಂತು ಅಂತ ಸಂಬಳದಲ್ಲಿ ಹಿಡ್ಕೊಳ್ತಾರಲ್ಲ, ಅದನ್ನ ಮೊದ್ಲು ಕೇಳು ಹೋಗು."

"ನಂಗೇನೂ ನಿನ್ನ ದುಡ್ಡು ಬೇಕಾಗಿಲ್ಲ. ನೀನು ಮೆಟ್ಟಿಲಿಂದ ಬಿದ್ದು ಸಾಯ್ಬಾರ್ದು ಅಂತ ತಾನೇ ಆ ಮನೆ?"

"ಹಾಗಿದ್ರೆ ಸುಮ್ನಿರು!"

"ತಾತ, ನಿನ್ನ ಮೊಟ್ಟೆ ನಾನು ತಿನ್ಲಾ?" ಎಂದಳು ಗುಂಡಿ.

"ತಿನ್ನಮ್ಮ," ಎಂದ ಮಾಸ್ಟರ್.

*

ಎರಡನೇ, ಮೂರನೇ ಮತ್ತು ನಾಲ್ಕನೇ ಶನಿವಾರಗಳು ಸುಸೂತ್ರವಾಗಿ ಕಳೆದವು. ಗುಂಡಿ ಬಟ್ಟೆ ಹಾಸಲು ತುದಿ ಹಿಡಿದಳು, ಚೂರುಗಳನ್ನು ಆರಿಸಿದಳು, ಕತ್ತರಿಗೆ ಎಣ್ಣೆ ಹಾಕಿದಳು. ಮನೆಯಲ್ಲಿ ಹಳೆಯ ಹಾಸಿಗೆ ಹೊದಿಕೆಯನ್ನು ನೆಲಕ್ಕೆ ಹಾಸಿ, ತಾತನಂತೆಯೇ ಕಣ್ಣು ಮುಚ್ಚಿ ಬೆರಳು ಓಡಿಸಿ ಅಳೆಯುತ್ತಿದ್ದಳು. ಅಮ್ಮ ಅಡುಗೆ ಮಾಡುತ್ತಾ ಅದನ್ನು ನೋಡಿದಳು. ಅಪ್ಪ ಬೂಟು ಬಿಚ್ಚುತ್ತಾ ನೋಡಿದ. ಇಬ್ಬರಿಗೂ ಏನೂ ಅನ್ನಿಸಲಿಲ್ಲ. ಒಂದೂವರೆ ವರ್ಷದಿಂದ ದಿನವೂ ಕಂಡದ್ದು. ಮನೆಯ ಗೋಡೆಯ ಬಿರುಕಿನ ಹಾಗೆ ಅದೂ ಕಣ್ಣಿಗೆ ಬೀಳುವುದು ನಿಂತುಹೋಗಿತ್ತು.

ಎರಡನೇ, ಮೂರನೇ ಪುಟಗಳನ್ನೂ ಅಮ್ಮ ಓದಿ ತಿದ್ದಿದಳು. ನಾಲ್ಕನೆಯದನ್ನು ಮಕ್ಕಳು ತರಗತಿಯಲ್ಲೇ ಕೂತು ಬರೆದರು. ಕೆಲಸದಲ್ಲಿ ಹಿರಿಯರಿಗೆ ಯಾರು ಹೇಗೆ ಸಹಾಯ ಮಾಡುತ್ತಾರೆ ಅಂತ ಬರೆಯಿರಿ ಎಂದು ಮೇಡಂ ಹೇಳಿದ್ದರು. ಒಳ್ಳೆಯ ಹೆಂಗಸು ಅವರು. ಮೂವತ್ತೆರಡು ಮಕ್ಕಳಲ್ಲಿ ಹತ್ತೊಂಬತ್ತು ಜನ ಬಾಡಿಗೆ ಕೋಟು ತರುತ್ತೇವೆ ಅಂದಾಗ ಮನಸ್ಸಿಗೆ ಬೇಸರವಾಗಿತ್ತು. ಗುಂಡಿಯ ಪುಟ ಓದಿ ಅವರು, "ಇದು ಕಣಮ್ಮ ನಾನು ಕೇಳಿದ್ದು! ನೀನು ಎಲ್ಲರಿಗಿಂತ ಮೊದಲು ಮಾಡಿ ತೋರಿಸ್ಬೇಕು," ಎಂದರು. ಪುಟದಲ್ಲಿದ್ದ ಕೆಮ್ಮಿನ ವಿಷಯ ಓದಿ ಮೇಡಂ ನಕ್ಕರು. ಹೊಲಿಗೆಯವರ ಏನೋ ತಮಾಷೆ ಅಂದುಕೊಂಡರು.

ಆ ಶಾಲೆಗೆ ಸಮವಸ್ತ್ರ ಹೋಗುವುದು ಮಾಸ್ಟರನ ಅಂಗಡಿಯಿಂದಲೇ. ಐದನೇ ಶನಿವಾರಕ್ಕೆ ಅತಿಥಿಯಾಗಿ ಬರಲು ಸಣ್ಣ ಯಜಮಾನರನ್ನು ಕೇಳಿದ್ದು, ಅವರು ಒಪ್ಪಿದ್ದು ಹಾಗಾಗಿ. ಅದನ್ನು ಕೇಳಿ ಮನೆಯಲ್ಲಿ ಸಂತೋಷವೇ ಆಯಿತು.

"ಯಜಮಾನ್ರ ಮುಂದೆ ಮೊಮ್ಮಗಳು!" ಎಂದ ಮಾಸ್ಟರ್. ಹಂಗಾಮು ಮುಗಿಯಲು ಇನ್ನೊಂದೇ ವಾರವಿತ್ತು. ತನ್ನ ಗಂಟಿನ ಟೇಪನ್ನು ಅವನೇ ಗುಂಡಿಯ ಕುತ್ತಿಗೆಗೆ ಹಾಕಿದ.

*

ಶಾಲೆಯ ಸಭಾಂಗಣದಲ್ಲಿ ಡಾಕ್ಟರರು ಏಳು ಜನ, ಪೊಲೀಸರು ಐದು, ಪೈಲಟ್‌ಗಳು ಮೂವರು ಸಾಲಾಗಿ ಕೂತಿದ್ದರು. ಒಬ್ಬ ಪೈಲಟ್ ಟೋಪಿಯೊಳಗೆ ಬಿಸ್ಕತ್ತು ಇಟ್ಟುಕೊಂಡು ತಿನ್ನುತ್ತಿದ್ದ. ಮಾಸ್ಟರ್, ಮಗ, ಸೊಸೆ ನಾಲ್ಕನೇ ಸಾಲಿನಲ್ಲಿ ಕೂತರು. ಸಣ್ಣ ಯಜಮಾನರು ಮುಂದಿನ ಸಾಲಿನಲ್ಲಿ. ತಿರುಗಿ ನೋಡಿ ಮಾಸ್ಟರಿಗೆ ಕೈ ಎತ್ತಿದರು. ಮಾಸ್ಟರ್ ಎತ್ತಲಿಲ್ಲ. ಸೊಸೆ ಅವನ ಕೈಯನ್ನು ಕೆಳಗಿನಿಂದ ಎತ್ತಿದಳು.

ಗುಂಡಿ ವೇದಿಕೆಗೆ ಬಂದಳು. ಕುತ್ತಿಗೆಯಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣ. ಒಬ್ಬ ಪೊಲೀಸನನ್ನು ಕರೆದು ಮುಂದೆ ನಿಲ್ಲಿಸಿಕೊಂಡಳು.

"ನಾನು ಈಗ ಇವನ ಪ್ಯಾಂಟಿನ ಅಳತೆ ತಗೋತೀನಿ," ಎಂದಳು ಗಟ್ಟಿಯಾಗಿ. ಕಣ್ಣು ಮುಚ್ಚಿದಳು. ಟೇಪಿನ ತುದಿಯನ್ನು ಅವನ ಸೊಂಟಕ್ಕಿಟ್ಟು, ಹೆಬ್ಬೆರಳಿನಿಂದ ಗಂಟುಗಳನ್ನು ಎಣಿಸುತ್ತಾ ಕೆಳಗಿಳಿದಳು. "ಇಪ್ಪತ್ತಾರೂವರೆ. ಮೇಡಂ, ನೋಡಿ ಸರಿಯಿದೆಯಾ?"

ಮೇಡಂ ತಮ್ಮ ಟೇಪು ಹಿಡಿದು ಅಳೆದರು. "ಇಪ್ಪತ್ತಾರೂವರೆ!"

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಸಣ್ಣ ಯಜಮಾನರೂ ತಟ್ಟಿದರು.

"ಕಣ್ಣು ಮುಚ್ಚಿ ಯಾಕಮ್ಮ ಅಳೆದೆ?" ಎಂದು ಮೇಡಂ ಕೇಳಿದರು, ಎಲ್ಲರಿಗೂ ಕೇಳಲಿ ಅಂತ.

"ಮಾಸ್ಟರ್‌ಗಳು ಅಳೆಯೋದೇ ಹಾಗೆ. ಅವರು ನೋಡಲ್ಲ."

ಇನ್ನೊಮ್ಮೆ ಚಪ್ಪಾಳೆ, ನಗು. ಮುಂದಿನ ಸಾಲಿನಲ್ಲಿ ಒಂದು ಜೊತೆ ಕೈ ಮಾತ್ರ ನಿಂತುಹೋಗಿತ್ತು.

"ಏನು ಮಾಡಿದ್ಲು?" ಮಾಸ್ಟರ್ ಸೊಸೆಯ ಕಡೆ ಬಾಗಿದ. ಅವನ ಮುಖ ಅರಳಿತ್ತು. "ಎಲ್ಲಾ ತಟ್ತಾ ಇದ್ದಾರಲ್ಲ, ಏನು ಮಾಡಿದ್ಲು ಹೇಳು."

ಸೊಸೆ ಮುಂದಿನ ಸಾಲನ್ನೇ ನೋಡುತ್ತಿದ್ದಳು. ಮಗ ತಲೆ ತಗ್ಗಿಸಿ ಕೂತಿದ್ದ.

ಬಹುಮಾನದ ಪ್ರಮಾಣಪತ್ರ ಕೊಡುವಾಗ ಸಣ್ಣ ಯಜಮಾನರು ಗುಂಡಿಯ ಕುತ್ತಿಗೆಯ ಟೇಪನ್ನು ಕೈಗೆ ತೆಗೆದುಕೊಂಡು ಎರಡು ಬೆರಳ ನಡುವೆ ಉದ್ದಕ್ಕೂ ಎಳೆದು ನೋಡಿದರು. ನೋಟ್‌ಬುಕ್ಕು ಕೇಳಿದರು. ನಿಂತಲ್ಲೇ ನಾಲ್ಕೂ ಪುಟ ಓದಿದರು. ನಾಲ್ಕನೇ ಪುಟದಲ್ಲಿ ಹೀಗಿತ್ತು: *ತಾತನಿಗೆ ಅಮ್ಮ ಸಹಾಯ ಮಾಡುತ್ತಾಳೆ. ನೀಲಿ ಬಟ್ಟೆಯಾದರೆ ಒಂದು ಸಲ ಕೆಮ್ಮುತ್ತಾಳೆ. ಕಪ್ಪು ಬಟ್ಟೆಯಾದರೆ ಎರಡು ಸಲ. ನನಗೆ ಜ್ವರ ಬಂದಾಗ ಅಮ್ಮ ಮನೆಯಲ್ಲಿದ್ದಳು. ಆಗ ತಾತನಿಗೆ ಯಾರೂ ಕೆಮ್ಮಲಿಲ್ಲ.*

"ಚೆನ್ನಾಗಿ ಬರೆದಿದ್ದೀಯ ಪುಟ್ಟಾ," ಎಂದು ಅವರು ನೋಟ್‌ಬುಕ್ಕು ಹಿಂದಕ್ಕೆ ಕೊಟ್ಟರು.

*

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಮಗನ ಗಂಟಲು ಬಿಚ್ಚಿತು.

"ನೀನು ಓದಿದ್ದೆ ತಾನೇ? ಅಷ್ಟೂ ತಿದ್ದಿದ್ದೆ ತಾನೇ?"

"ಮೂರು ಪುಟ ಓದಿದ್ದೆ ರೀ. ನೀವೂ ಓದಿದ್ರಿ."

"ಗಂಟು ಅಂತ ಬರೆದಿದ್ದಾಳೆ! ಗೀರು ಅಂತ ಬರೆದಿದ್ದಾಳೆ! ಯಾವ ಊರಲ್ಲಿ ಮಾಸ್ಟರ್ ಟೇಪಿಗೆ ಗಂಟು ಹಾಕ್ಕೊಳ್ತಾನೆ?"

"ಆ ಗಂಟು ಹಾಕಿದ್ದೇ ನಾನು! ದಿನಾ ನೋಡ್ತೀನಿ. ಅದ್ರಲ್ಲಿ ವಿಶೇಷ ಏನಿದೆ ಅಂತ ನಂಗೆ ಹೊಳೀಲೇ ಇಲ್ಲ. ನಿಮಗೆ ಹೊಳೀತಾ?"

ಗುಂಡಿ ಬಾಗಿಲ ಹತ್ತಿರ ನಿಂತಿದ್ದಳು, ಕೈಯಲ್ಲಿ ಪ್ರಮಾಣಪತ್ರ. "ನಾನು ಕಣ್ಣು ಅಂತ ಬರ್ದೇ ಇಲ್ಲ ಅಪ್ಪ," ಎಂದಳು. "ಒಂದು ಸಲಾನೂ ಬರ್ದಿಲ್ಲ. ಬೇಕಾದ್ರೆ ನೋಡು." ನೋಟ್‌ಬುಕ್ಕು ಚಾಚಿದಳು.

ಯಾರೂ ತೆಗೆದುಕೊಳ್ಳಲಿಲ್ಲ.

"ತಾತ, ಎಲ್ಲಾ ಮಾಸ್ಟರ್‌ಗಳೂ ಹಾಗೇ ಅಲ್ವಾ ಮಾಡೋದು?"

ಮಾಸ್ಟರ್ ಗೋಡೆಗೆ ಒರಗಿ ಕೂತಿದ್ದ. "ಅಲ್ಲಮ್ಮ," ಎಂದ. "ನಾನೊಬ್ಬನೇ."

ಸೋಮವಾರ ಬೆಳಿಗ್ಗೆ ಸಣ್ಣ ಯಜಮಾನರು ನೆಲಮಾಳಿಗೆಗೆ ಇಳಿದು ಬಂದರು. ಕೈಯಲ್ಲಿ ಎರಡು ತುಂಡು ಬಟ್ಟೆ. ಒಂದೊಂದಾಗಿ ಮಿಷನ್‌ಗಳು ನಿಂತವು.

"ಮಾಸ್ಟ್ರೇ," ಎಂದರು ಮೆಲ್ಲಗೆ. "ಇವೆರಡರಲ್ಲಿ ನೀಲಿ ಯಾವ್ದು?"

ಮಾಸ್ಟರ್ ಎರಡನ್ನೂ ಕೈಗೆ ತೆಗೆದುಕೊಂಡ. ಹೆಬ್ಬೆರಳಿನಿಂದ ತಿಕ್ಕಿದ. ಸೊಸೆ ತನ್ನ ಮಿಷನ್ನಿನ ಮುಂದೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ನಿಜವಾಗಿಯೂ ಕೆಮ್ಮು ಬಂದಿತ್ತು, ತಡೆದು ತಡೆದು ಕಣ್ಣಲ್ಲಿ ನೀರಾಡಿತ್ತು. ಎಡಗೈಯಲ್ಲಿದ್ದದ್ದು ನೀಲಿ. ಒಂದು ಸಲ ಕೆಮ್ಮಿದರೂ ಅದು ಎಡಗೈಗೋ ಬಲಗೈಗೋ ಅಂತ ಅವನಿಗೆ ತಿಳಿಯುತ್ತಿತ್ತೋ ಇಲ್ಲವೋ. ಅವಳು ಕೆಮ್ಮಲಿಲ್ಲ.

"ಗೊತ್ತಿಲ್ಲ ಯಜಮಾನ್ರೇ," ಎಂದ ಮಾಸ್ಟರ್. ಬಟ್ಟೆಗಳನ್ನು ಮೇಜಿನ ಮೇಲಿಟ್ಟ. "ಆವತ್ತೂ ಗೊತ್ತಿರ್ಲಿಲ್ಲ. ಆ ಹೆಣ್ಣುಮಗಳದ್ದು ತಪ್ಪಿಲ್ಲ. ಕರೆಸ್ಕೊಳ್ಳಿ."

ಸಣ್ಣ ಯಜಮಾನರು ಆ ತುಂಡುಗಳನ್ನು ಎತ್ತಿಕೊಂಡರು. "ಕಣ್ಣು ಹೋಯ್ತು ಅಂದಿದ್ರೆ ನಾನು ಏನಾದ್ರೂ ಮಾಡ್ತಿದ್ದೆ ಮಾಸ್ಟ್ರೇ. ನಮ್ಮಪ್ಪನ ಕಾಲದವರು ನೀವು. ಆದ್ರೆ ಅವಳನ್ನ ನನ್ನ ಕೈಯಿಂದಲೇ ಮನೆಗೆ ಕಳಿಸಿದ್ರಲ್ಲ." ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದರು.

ದುಡಿದಷ್ಟು ದಿನಗಳ ಸಂಬಳವನ್ನು ಮಧ್ಯಾಹ್ನವೇ ಕಳಿಸಿಕೊಟ್ಟರು. ಹಂಗಾಮಿನ ಮೂರು ತಿಂಗಳಿನದು ಬರಲಿಲ್ಲ. ಅದರಲ್ಲಿ ಅರವತ್ತು ಪ್ಯಾಂಟಿನ ಬಟ್ಟೆಯ ಬೆಲೆ ಮುರಿದುಕೊಂಡು, ಉಳಿದದ್ದನ್ನು ಓವರ್‌ಲಾಕ್ ಅಕ್ಕನಿಗೆ ಕೂಲಿ ತಪ್ಪಿದ ದಿನಗಳಿಗೆಂದು ಕೊಟ್ಟರಂತೆ. ನ್ಯಾಯವಲ್ಲ ಅಂತ ಮನೆಯಲ್ಲಿ ಯಾರೂ ಅನ್ನಲಿಲ್ಲ.

ಸೊಸೆಯನ್ನು ಯಾರೂ ಹೋಗು ಅನ್ನಲಿಲ್ಲ. ಓವರ್‌ಲಾಕ್ ಅಕ್ಕ ತನ್ನ ದಿಂಬು ತಂದು ಸ್ಟೂಲಿನ ಮೇಲೆ ಹಾಕಿ ಕೂತಳು. ಬೈಯಲಿಲ್ಲ, ಜಗಳವಾಡಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಹತ್ತು ಜನ ಹೆಂಗಸರು ಒಂದು ಕಡೆ ಕೂತರು, ಸೊಸೆಯೊಬ್ಬಳು ಇನ್ನೊಂದು ಕಡೆ. ಯಾರಿಗಾದರೂ ಕೆಮ್ಮು ಬಂದರೆ ಉಳಿದವರು ಪಕ್ಕನೆ ನಕ್ಕುಬಿಡುತ್ತಿದ್ದರು. ಹನ್ನೆರಡು ದಿನ ತಡೆದುಕೊಂಡಳು. ಹದಿಮೂರನೆಯ ದಿನ ತಡೆಯಲಾಗದೆ ಬಿಟ್ಟು ಬಂದು, ಮನೆಯಲ್ಲೇ ದಿಂಬಿನ ಹೊದಿಕೆ ಹೊಲಿಯುವ ಕೆಲಸ ಹಿಡಿದಳು. ಕೂಲಿ ಮೊದಲಿನ ಅರ್ಧ.

ಕೆಳಮನೆಗೆ ಗಂಡ ಹೆಂಡತಿ, ಒಂದು ನಾಯಿ ಬಂದು ಸೇರಿದವು. ಮಾಸ್ಟರ್ ಮೂರನೇ ಮಹಡಿಯಲ್ಲೇ ಉಳಿದ. ದಿನಕ್ಕೆ ಎರಡು ಸಲ, ಮಗ ಮನೆಯಲ್ಲಿದ್ದಾಗ ಅವನ ಭುಜ ಹಿಡಿದು ಕೆಳಗಿಳಿಯುತ್ತಿದ್ದ. ಉಳಿದ ಹೊತ್ತಿನಲ್ಲಿ ಸೊಸೆಯನ್ನು ಮಿಷನ್ನಿನಿಂದ ಎಬ್ಬಿಸಬಾರದೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಿದ.

"ಬಾಯಿ ಒಣಗಿಸ್ಕೊಂಡು ಯಾಕೆ ಕೂತಿದ್ದೀಯ ಅಪ್ಪ? ಕುಡಿ," ಎನ್ನುತ್ತಿದ್ದ ಮಗ.

"ನೀನು ಡ್ಯೂಟಿಗೆ ಹೋದ್ಮೇಲೆ ನನ್ನನ್ನ ಯಾರು ಇಳಿಸ್ತಾರೆ, ನಿನ್ನ ಪೈಲಟ್ಟಾ?"

ಮಗನಿಗೆ ನಗು ಬರುತ್ತಿರಲಿಲ್ಲ. ಆದರೆ ತಂದೆ ಮಗ ಮೆಟ್ಟಿಲ ಮೇಲೆ ಜಗಳವಾಡುವುದನ್ನು ಬಿಟ್ಟರು. ಒಬ್ಬರ ಭುಜ ಇನ್ನೊಬ್ಬರ ಕೈಯಲ್ಲಿರುವಾಗ ಜಗಳವಾಡುವುದು ಕಷ್ಟ.

ಎರಡು ತಿಂಗಳ ನಂತರ ಮೇಡಂ ತರಗತಿಯಲ್ಲಿ "ನಮ್ಮ ಮನೆ" ಅಂತ ಒಂದು ಪುಟ ಬರೆದು ತರಲು ಹೇಳಿದರು. ಗುಂಡಿ ನೆಲದ ಮೇಲೆ ಕೂತು ಬರೆಯಲು ಶುರು ಮಾಡಿದಳು. ಅಮ್ಮ ದಿಂಬಿನ ಹೊದಿಕೆ ಹೊಲಿಯುತ್ತಿದ್ದಳು.

"ಅಮ್ಮ, ತಾತ ಮನೇಲೇ ಇರ್ತಾರೆ ಅಂತ ಬರೀಬಹುದಾ?"

"ಬರಿ. ಅದ್ರಲ್ಲೇನಿದೆ."

"ಅಪ್ಪನ ಕೈ ವಾಸನೆ ಬರುತ್ತೆ ಅಂತ?"

ಅಮ್ಮ ಮಿಷನ್ ನಿಲ್ಲಿಸಿದಳು. "ಬರೀಬಹುದು ಪುಟ್ಟಾ. ನಿಂಗೆ ಏನು ಬೇಕೋ ಬರಿ."

ಗುಂಡಿ ಅಮ್ಮನ ಮುಖ ನೋಡಿದಳು. ಬರೆದದ್ದನ್ನು ರಬ್ಬರಿನಿಂದ ಅಳಿಸಿದಳು. ಕೊನೆಗೆ ಮೂರು ಸಾಲು ಉಳಿಯಿತು: *ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೇವೆ. ನಮ್ಮ ಮನೆ ಚೆನ್ನಾಗಿದೆ. ಎಲ್ಲರೂ ಸಂತೋಷವಾಗಿದ್ದೇವೆ.* ಮೇಡಂ ಅದರ ಕೆಳಗೆ ಕೆಂಪು ಶಾಯಿಯಲ್ಲಿ, "ಇಷ್ಟೇನಾ? ನಿನಗೆ ಇದಕ್ಕಿಂತ ಚೆನ್ನಾಗಿ ಬರೆಯಲು ಬರುತ್ತದೆ," ಎಂದು ಬರೆದು ಕಳಿಸಿದರು.

ಓವರ್‌ಲಾಕ್ ಅಕ್ಕನಿಗೆ ಅವಳ ಕೆಲಸ ಮರಳಿ ಸಿಕ್ಕಿತು. ಇಷ್ಟೆಲ್ಲದರಲ್ಲಿ ಒಳ್ಳೆಯದು ಅಂತ ಆದದ್ದು ಅದೊಂದು. ಮಾಸ್ಟರನ ಮೇಜು ಹೋಯಿತು, ಸೊಸೆಯ ಮಿಷನ್ ಹೋಯಿತು, ಕೆಳಮನೆ ಕೈತಪ್ಪಿತು. ಇವುಗಳಿಗೆ ಮುಂದೆ ಎಂದಾದರೂ ಬದಲಿ ಸಿಕ್ಕೀತು. ಕಂಡದ್ದನ್ನು ಕಂಡ ಹಾಗೆ ಬರೆಯುವ ಒಂದು ಮಗು ಆ ಮನೆಯಲ್ಲಿತ್ತು. ಅದು ಈಗ ಇಲ್ಲ.